ದಾನ-ಜಾಲ-ಮೀಮಾಂಸೆ

ಶಾಸ್ತ್ರ ಬರೆಯಲು ಕೂತವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯ: ದಿಲ್ಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಯಾರು ಯಾರಿಗೆ ಏನನ್ನು ಪುಕ್ಕಟೆ ಕೊಡುತ್ತಾರೆ ಎಂಬುದು. ಪ್ರಯೋಜನ: ಏನೂ ಇಲ್ಲ. ಸಂಬಂಧ: ನಾನು ಅಲ್ಲಿ ಆರು ವರ್ಷ ಇದ್ದು ಆರು ಅಟೆಂಪ್ಟುಗಳನ್ನು ಕೇಂದ್ರ ಲೋಕಸೇವಾ ಆಯೋಗಕ್ಕೆ ಅರ್ಪಿಸಿ ಬಂದವನು. ಇನ್ನು ಅಧಿಕಾರಿ. ಶಾಸ್ತ್ರದಲ್ಲಿ ಈ ಮಾತಿಗೆ ‘ಇದನ್ನು ಓದಲು ಅರ್ಹನಾದವನು’ ಎಂದರ್ಥ. ರಾಜಿಂದರ್ ನಗರದಲ್ಲಿ ಐಎಎಸ್ ಎಂದರ್ಥ. ನಾನು ಮೊದಲನೆಯ ಅರ್ಥದಲ್ಲಿ ಮಾತ್ರ ಅಧಿಕಾರಿ.

ಕ್ಷೇತ್ರಪರಿಚಯ ಚಿಕ್ಕದು. ಈ ಬಡಾವಣೆ ದೇಶ ಒಡೆದಾಗ ಪಶ್ಚಿಮ ಪಂಜಾಬಿನಿಂದ ಉಟ್ಟ ಬಟ್ಟೆಯಲ್ಲಿ ಬಂದವರಿಗಾಗಿ ಎದ್ದದ್ದು. ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರ ಹೆಸರು ಪಂಜಾಬಿ ಬಾಯಲ್ಲಿ ರಾಜಿಂದರ್ ಆಯಿತು. ಅಂದು ಬಂದವರ ಮೊಮ್ಮಕ್ಕಳು ಇಂದು ಮಹಡಿಯ ಮೇಲೆ ಮಹಡಿ ಎತ್ತಿ, ಮಂಚ ಹಿಡಿಸುವಷ್ಟೇ ಕೋಣೆಗಳನ್ನು ಮಾಡಿ, ಹಾಸನ, ಕಲಬುರಗಿ, ದರ್ಭಂಗಾ, ಜೈಸಲ್ಮೇರ್‌ಗಳಿಂದ ಬಂದ ಹುಡುಗರಿಗೆ ಬಾಡಿಗೆ ಕೊಡುತ್ತಾರೆ. ಬಾಡಿಗೆ ದಾನದ ವ್ಯಾಪ್ತಿಗೆ ಬರುವುದಿಲ್ಲ. ಈ ಮಾತನ್ನು ಇಷ್ಟು ಖಚಿತವಾಗಿ ನಾನು ಈ ಬರಹದಲ್ಲಿ ಇನ್ನೆಲ್ಲೂ ಹೇಳಲಾರೆ.

ದಾನಕ್ಕೆ ವರ್ಗೀಕರಣಗಳ ಕೊರತೆಯಿಲ್ಲ. ಗೀತೆಯ 17ನೇ ಅಧ್ಯಾಯ ಸಾತ್ತ್ವಿಕ, ರಾಜಸ, ತಾಮಸ ಎಂದು ಮೂರು ಮಾಡುತ್ತದೆ: ತಿರುಗಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದು ಸಾತ್ತ್ವಿಕ, ಪ್ರತಿಫಲದ ಕಣ್ಣಿಟ್ಟು ಕೊಟ್ಟದ್ದು ರಾಜಸ, ಅವಮಾನಿಸಿ ಕೊಟ್ಟದ್ದು ತಾಮಸ. ನಮ್ಮ ಕನ್ನಡನಾಡಿನ ಜೈನರು ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂದು ನಾಲ್ಕು ಮಾಡಿದರು. ಮೊದಲನೆಯದು ಕೊಡುವವನ ಮನಸ್ಸನ್ನು ಅಳೆಯುತ್ತದೆ, ಎರಡನೆಯದು ಪಡೆಯುವವನ ಕೊರತೆಯನ್ನು ಹೆಸರಿಸುತ್ತದೆ. ನನಗೆ ಎರಡನೆಯದೇ ವಾಸಿ ಎನ್ನಿಸಿತ್ತು, ಬೇರೆಯವರ ಮನಸ್ಸು ಅಳೆಯುವ ಉಸಾಬರಿ ಅಲ್ಲಿಲ್ಲ. ಆದ್ದರಿಂದ ನಾಲ್ಕನ್ನೇ ಹಿಡಿದು ಹೊರಟೆ. ದಾರಿಯಲ್ಲಿ ಅವು ಐದಾದವು.

ಮೊದಲು ಆಹಾರದಾನ. ಇದರಲ್ಲಿ ಬಲಾತ್ಕಾರ, ಅಬಲಾತ್ಕಾರ ಎಂದು ಎರಡು ಒಳಭೇದ. ಬೇಸಿಗೆಯ ನಡುವೆ ಗುರು ಅರ್ಜನ್ ದೇವರ ಬಲಿದಾನದ ದಿನ ಬರುತ್ತದೆ. ಅಂದು ಶಂಕರ್ ರೋಡಿನ ಬದಿಯಲ್ಲಿ ಶಾಮಿಯಾನ ಏಳುತ್ತದೆ, ಹಂಡೆಯಲ್ಲಿ ಗುಲಾಬಿ ಬಣ್ಣದ ಸಿಹಿ ಹಾಲುನೀರು, ಮೇಲೆ ತೇಲುವ ಐಸ್ ಗಡ್ಡೆ. ಇದರ ಹೆಸರು ಛಬೀಲ್. ಸರದಾರ್ಜಿಗಳು ರಸ್ತೆಯ ಮಧ್ಯೆ ನಿಂತು ಬಸ್ಸು, ಆಟೊ, ಸ್ಕೂಟರ್ ಎಲ್ಲವನ್ನೂ ತಡೆದು ಲೋಟ ತುರುಕುತ್ತಾರೆ. ಬೇಡ ಎಂದವನಿಗೆ ಎರಡು. ಸಕ್ಕರೆ ಕಾಯಿಲೆಯವನು ಆ ದಿನ ಬೇರೆ ದಾರಿ ಹಿಡಿಯುವುದು ಕ್ಷೇಮ. ಎರಡನೆಯ ಭೇದಕ್ಕೆ ಉದಾಹರಣೆ ಬಂಗ್ಲಾ ಸಾಹಿಬ್ ಗುರುದ್ವಾರದ ಲಂಗರ್. ತಿಂಗಳ ಕೊನೆಯ ವಾರ, ಊರಿಂದ ದುಡ್ಡು ಬರುವ ಮುಂಚೆ, ನಮ್ಮ ಓಣಿಯ ಅರ್ಧಕ್ಕರ್ಧ ಹುಡುಗರಿಗೆ ಸಿಖ್ ಇತಿಹಾಸದಲ್ಲಿ ಆಸಕ್ತಿ ಹುಟ್ಟುತ್ತಿತ್ತು. ಧರ್ಮಸ್ಥಳ, ಸಿದ್ಧಗಂಗೆಗಳ ಪಂಕ್ತಿಯಲ್ಲಿ ಕೂತು ಬೆಳೆದ ನಮಗೆ ಅದು ಪರಸ್ಥಳ ಅನ್ನಿಸುತ್ತಿರಲಿಲ್ಲ. ರೊಟ್ಟಿಯನ್ನು ಎರಡೂ ಕೈ ಒಡ್ಡಿ ತೆಗೆದುಕೊಳ್ಳಬೇಕು, ಅಷ್ಟೇ. ಮೊದಲ ಸಲ ನಾನು ಒಂದೇ ಕೈ ಚಾಚಿದೆ. ಬಡಿಸುವ ಅಜ್ಜ ರೊಟ್ಟಿ ಹಿಡಿದುಕೊಂಡೇ ನಿಂತ, ಇನ್ನೊಂದು ಕೈ ಬರುವವರೆಗೆ. ಅಲ್ಲಿ ಕಾರಿನಲ್ಲಿ ಬಂದವನೂ ಕೈ ಒಡ್ಡುತ್ತಾನೆ. ಹಾಗಾಗಿ ಯಾರು ಹಸಿದು ಬಂದರು, ಯಾರು ಭಕ್ತಿಯಿಂದ ಬಂದರು ಎಂದು ಕಂಡುಹಿಡಿಯಲು ಯಾವ ಪ್ರಮಾಣವೂ ಇಲ್ಲ. ಇದು ಮುಖ್ಯವಾದ ಲಕ್ಷಣ, ನೆನಪಿರಲಿ.

ಭೈಷಜ್ಯಕ್ಕೆ ಹೋಗೋಣ. ಬಡಾವಣೆಗೆ ಅಂಟಿಕೊಂಡೇ ಸರ್ ಗಂಗಾರಾಮ್ ಆಸ್ಪತ್ರೆ ಇದೆ. ಗಂಗಾರಾಮರು ಡಾಕ್ಟರಲ್ಲ, ಇಂಜಿನಿಯರ್. 1851ರಲ್ಲಿ ಹುಟ್ಟಿ ಲಾಹೋರಿನ ಅಂಚೆ ಕಚೇರಿ, ಮ್ಯೂಸಿಯಂ ಕಟ್ಟಿಸಿದವರು. ಆಮೇಲೆ ಮಾಂಟ್ಗೊಮರಿ ಜಿಲ್ಲೆಯಲ್ಲಿ 50,000 ಎಕರೆ ಬಂಜರನ್ನು ಗುತ್ತಿಗೆ ಹಿಡಿದು, ಯಂತ್ರದಿಂದ ನೀರೆತ್ತಿ, ಕಾಲುವೆ ಹರಿಸಿ ಹಸಿರು ಮಾಡಿದರು. ತಮ್ಮ ಗಂಗಾಪುರದಲ್ಲಿ ಕಬ್ಬಿಣದ ಹಳಿಯ ಮೇಲೆ ಕುದುರೆ ಎಳೆಯುವ ಒಂದು ಟ್ರಾಲಿಯನ್ನೂ ಓಡಿಸಿದರು, ಜನ ಅದನ್ನು ಘೋಡಾ ಟ್ರೇನ್ ಎಂದರು. ಕಾಲುವೆಯೂ ಜಾಲ, ಹಳಿಯೂ ಜಾಲ. ಹವ್ಯಾಸಿ ಜಾಲಶಿಲ್ಪಿಗಳ ಪರಂಪರೆಗೆ ಇವರನ್ನೇ ಮೂಲಪುರುಷ ಎಂದು ನಾನು ಸ್ಥಾಪಿಸಿದ್ದೇನೆ, ಖಂಡಿಸುವವರು ಮುಂದೆ ಬರಬಹುದು. 1921ರಲ್ಲಿ ಅವರು ಲಾಹೋರಿನಲ್ಲಿ ಧರ್ಮಾಸ್ಪತ್ರೆ ತೆರೆದರು. ವಿಭಜನೆಯ ನಂತರ ಆ ಹೆಸರೂ ನಿರಾಶ್ರಿತರ ಜತೆ ಗಡಿ ದಾಟಿ 1954ರಲ್ಲಿ ಇಲ್ಲಿ ಎರಡನೆಯ ಆಸ್ಪತ್ರೆಯಾಯಿತು. ಗಲಭೆಯಲ್ಲಿ ಗಂಗಾರಾಮರ ಪ್ರತಿಮೆಗೆ ಚಪ್ಪಲಿ ಹಾರ ಹಾಕಲು ಹೋಗಿ ಗಾಯಗೊಂಡವನನ್ನು ಗಂಗಾರಾಮ್ ಆಸ್ಪತ್ರೆಗೇ ಸಾಗಿಸುವ, ಉರ್ದು ಕಥೆಗಾರ ಮಂಟೋನ ಪುಟ್ಟ ಕಥೆ ಪ್ರಸಿದ್ಧವಾಗಿದೆ. ದಾನಿ ಸತ್ತ ಮೇಲೂ ಮುಂದುವರಿಯುವ, ಕಲ್ಲು ಹೊಡೆದವನನ್ನೂ ಹೊರಗಿಡದ ದಾನಕ್ಕೆ ಗೀತೆಯ ಮೂರರಲ್ಲಿ ಯಾವ ಪೆಟ್ಟಿಗೆ? ಸಾತ್ತ್ವಿಕವೂ ಸಣ್ಣದಾಯಿತು.

ಅಭಯದಾನ. ಇಲ್ಲಿ ತಮಾಷೆ ನಿಲ್ಲಿಸುತ್ತೇನೆ. ನಾನೂ ಎರಡು ವರ್ಷ ನೆಲಮಾಳಿಗೆಯ ‘ಲೈಬ್ರರಿ’ಯಲ್ಲಿ ಓದಿದವನು. ಲೈಬ್ರರಿ ಎಂದರೆ ಪುಸ್ತಕಗಳಿರುವ ಜಾಗವಲ್ಲ. ತಿಂಗಳಿಗಿಷ್ಟು ಕೊಟ್ಟರೆ ಒಂದು ಮೇಜು, ಒಂದು ಪ್ಲಗ್, ಎಸಿ, ವೈಫೈ. ನೆಲಮಾಳಿಗೆ ಅಗ್ಗ, ಹಾಗಾಗಿ ಅಪ್ಪ ಹೊಲ ಅಡವಿಟ್ಟು ಕಳಿಸಿದವರೆಲ್ಲ ಕೆಳಗೆ ಕೂರುತ್ತಿದ್ದರು. 2024ರ ಜುಲೈ 27ರ ಸಂಜೆ ಇಲ್ಲಿನ ಒಂದು ಕೋಚಿಂಗ್ ಕೇಂದ್ರದ ನೆಲಮಾಳಿಗೆಗೆ ಮಳೆನೀರು ನುಗ್ಗಿ ಮೂವರು ಮುಳುಗಿ ಸತ್ತರು. ನಾನು ಆಗ ಬೆಂಗಳೂರಿನಲ್ಲಿದ್ದೆ. ಅಮ್ಮ ಹಿರಿಯೂರಿನಿಂದ ಫೋನ್ ಮಾಡಿ, ಸುದ್ದಿ ಹೇಳದೆ, “ಊಟ ಆಯ್ತೇನಪ್ಪಾ, ಮಳೆ ಇದ್ಯಾ ಅಲ್ಲಿ?” ಎಂದಷ್ಟೇ ಕೇಳಿದಳು. ಆಮೇಲೆ ನೆಲಮಾಳಿಗೆಗಳಿಗೆ ಬೀಗಮುದ್ರೆ ಬಿತ್ತು, ಅವುಗಳ ಜತೆ ಅಗ್ಗದ ಸೀಟುಗಳೂ ಹೋದವು. ಭಯವಿಲ್ಲದೆ ಓದಲು ಬೇಕಿದ್ದದ್ದು ದಾನಿಯಲ್ಲ, ನೀರು ಹರಿಯುವ ಚರಂಡಿ. ಕೊಡಲೇಬೇಕಾದದ್ದನ್ನು ದಾನದ ಪಟ್ಟಿಗೆ ಸೇರಿಸುವುದು ತಪ್ಪು, ಆದ್ದರಿಂದ ಈ ಶೀರ್ಷಿಕೆಯನ್ನು ಖಾಲಿ ಬಿಟ್ಟಿದ್ದೇನೆ.

ಶಾಸ್ತ್ರದಾನದಲ್ಲಿ ಮಾತ್ರ ರಾಜಿಂದರ್ ನಗರಕ್ಕೆ ಸಮನಿಲ್ಲ. ಕನ್ನಡಿಗರಿಗೆ ಇದರ ಆದಿಮಾತೆ ಅತ್ತಿಮಬ್ಬೆ. ಹತ್ತನೇ ಶತಮಾನದಲ್ಲಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿ ದಾನಚಿಂತಾಮಣಿ ಎನ್ನಿಸಿಕೊಂಡವಳು. ತಾಳೆಗರಿಯ ಮೇಲೆ, ಕಂಠವೆಂಬ ಲೇಖನಿಯಿಂದ ಕೊರೆಯಿಸಿ, ಸಾವಿರ! ನಮ್ಮ ಓಣಿಯ ಝೆರಾಕ್ಸ್ ಅಂಗಡಿಯವನು ಅಷ್ಟನ್ನು ಒಂದು ಮಧ್ಯಾಹ್ನದಲ್ಲಿ ಮಾಡುತ್ತಾನೆ, ಆದರೆ ದುಡ್ಡು ತೆಗೆದುಕೊಳ್ಳುವುದರಿಂದ ಚಿಂತಾಮಣಿ ಆಗಲಾರ. ನಿಜವಾದ ಶಾಸ್ತ್ರದಾನ ನಡೆಯುವುದು ಕೊನೆಯ ಅಟೆಂಪ್ಟ್ ಮುಗಿದವನು ಕೋಣೆ ಖಾಲಿ ಮಾಡುವ ದಿನ. ಲಕ್ಷ್ಮೀಕಾಂತರ ಪಾಲಿಟಿ ಪುಸ್ತಕ, ಮೂರು ಬಣ್ಣದಲ್ಲಿ ಗೀಟು ಹಾಕಿದ್ದು, ಪಕ್ಕದ ಕೋಣೆಯ ಹೊಸ ಹುಡುಗನ ಮಂಚದ ಮೇಲೆ ಮಾತಿಲ್ಲದೆ ಇಟ್ಟು ಹೋಗುತ್ತಾನೆ. ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ಹೇಳಿದರೆ ಇಬ್ಬರಿಗೂ ಕಷ್ಟ.

ಇದಕ್ಕೊಂದು ಆಭಾಸವೂ ಉಂಟು, ತರ್ಕದಲ್ಲಿ ಹೇತ್ವಾಭಾಸ ಇದ್ದಂತೆ: ಸಲಹಾದಾನ. ನಾಲ್ಕು ಸಲ ಪ್ರಿಲಿಮ್ಸ್ ದಾಟದವನು ಚಹದ ಗಾಡಿಯ ಪಕ್ಕ ನಿಂತು ಐದನೆಯ ಸಲದವನಿಗೆ ‘ಸ್ಟ್ರಾಟೆಜಿ’ ಕೊಡುತ್ತಾನೆ. ಕೊಟ್ಟಷ್ಟೂ ಮುಗಿಯದು, ಪಡೆದಷ್ಟೂ ಉಪಯೋಗವಿಲ್ಲ. ಚಹದ ಕಾಸು ಮಾತ್ರ ಪಡೆದವನದು.

ಈಗ ಐದನೆಯದು. ಅದಕ್ಕೆ ಜಾಲದಾನ ಎಂದು ಹೆಸರಿಟ್ಟಿದ್ದೇನೆ. ಪರೀಕ್ಷೆಗೆ ಓದುವವರಿಗೆಲ್ಲ ಒಂದೊಂದು ಚಟ ಇರುತ್ತದೆ. ನನ್ನದು ಕೋಡಿಂಗ್ ಮತ್ತು ಹಳೆಯ ರೂಟರ್ ಬಿಚ್ಚುವುದು. ಮೆಸ್ಸಿನ ಲೆಕ್ಕ ಹಂಚಲು ಒಂದು ಸ್ಕ್ರಿಪ್ಟ್ ಬರೆದಿದ್ದೆ, ರೂಪಾಯಿಯ ಮೂರನೇ ದಶಮಾಂಶದವರೆಗೆ ನ್ಯಾಯ ಒದಗಿಸುತ್ತಿತ್ತು. ಅದನ್ನು ಬರೆದದ್ದು ವಿಮ್‌ನಲ್ಲಿ. ಪಾತ್ರೆ ತೊಳೆಯುವ ವಿಮ್ ಅಲ್ಲ. ಬ್ರಾಮ್ ಮೂಲೆನಾರ್ ಎಂಬ ಡಚ್ಚರು 1991ರಲ್ಲಿ ಹೊರತಂದ ಸಂಪಾದಕ ತಂತ್ರಾಂಶ. ಅದು ಪುಕ್ಕಟೆ. ಖಾಲಿಯಾಗಿ ತೆರೆದರೆ ಪರದೆಯ ಮೇಲೆ ಉಗಾಂಡದ ಬಡ ಮಕ್ಕಳಿಗೆ ನೆರವಾಗಿ ಎಂಬ ಒಂದು ಸಾಲು ಕಾಣುತ್ತದೆ. ಮೂಲೆನಾರ್ 2023ರಲ್ಲಿ ತೀರಿಕೊಂಡರು. ಹಸಿರು ಬಾಗಿಲಿನ ಒಂದು ಕೋಣೆಯಲ್ಲಿ ರಾತ್ರಿ ಎರಡು ಗಂಟೆಗೆ, ಬೇಳೆಯ ಪಾಲು ಲೆಕ್ಕ ಹಾಕುವ ಕನ್ನಡದವನೊಬ್ಬ ಉಗಾಂಡದ ಮಕ್ಕಳನ್ನು ನೆನೆಯುತ್ತಾನೆಂದು ಅವರಿಗೆ ತಿಳಿಯುವ ಸಂಭವವೇ ಇರಲಿಲ್ಲ. ಕನ್ನಡಕ್ಕೆ ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟದ್ದು, ವಿಯೆಟ್ನಾಂ ಭಾಷೆಯ ತಲೆಗೆರೆ ಬುಡಗೆರೆಗಳನ್ನು ಟೈಪಿಸಲು ಫಾಮ್ ಕಿಮ್ ಲಾಂಗ್ ಯುನಿಕೀ ಬರೆದು ಹಂಚಿದ್ದು, ಎಲ್ಲವೂ ಇದೇ ಜಾತಿ.

ವಿಯೆಟ್ನಾಂ ಎಂದ ಮೇಲೆ ಅಕ್ಕಿ ಎಟಿಎಂ ಹೇಳದೆ ಮುಂದೆ ಹೋಗಲಾಗದು. 2020ರ ಏಪ್ರಿಲ್‌ನಲ್ಲಿ, ಕೋವಿಡ್ಡಿನಿಂದ ಕೂಲಿ ನಿಂತ ಕುಟುಂಬಗಳಿಗಾಗಿ ಹೋ ಚಿ ಮಿನ್ಹ್ ನಗರದ ಹೊವಾಂಗ್ ತುವಾನ್ ಆನ್ ಎಂಬ ವ್ಯಾಪಾರಿ ಒಂದು ಯಂತ್ರ ನಿಲ್ಲಿಸಿದ. ಅವನದು ಇಲೆಕ್ಟ್ರಾನಿಕ್ ಬೀಗಗಳ ಕಸುಬು. ಬೀಗ ತೆರೆಯುವ ವಿದ್ಯೆಯನ್ನೇ ಅಕ್ಕಿಯ ತೊಟ್ಟಿಗೆ ಜೋಡಿಸಿದ: ಗುಂಡಿ ಒತ್ತಿದರೆ ಒಂದೂವರೆ ಕಿಲೋ ಅಕ್ಕಿ ಚೀಲಕ್ಕೆ ಸುರಿಯುತ್ತಿತ್ತು, ಹಗಲೂ ರಾತ್ರಿಯೂ. ಕೊಡುವವನ ಮುಖ ನೋಡಬೇಕಿರಲಿಲ್ಲ, ಕಷ್ಟ ಹೇಳಿಕೊಳ್ಳಬೇಕಿರಲಿಲ್ಲ. ಮರುವರ್ಷ ದಿಲ್ಲಿಯ ಪಕ್ಕದ ಗುರುಗ್ರಾಮ ಜಿಲ್ಲೆಯ ಫರೂಖನಗರದಲ್ಲಿ ರೇಷನ್ನಿಗೆ ಧಾನ್ಯದ ಎಟಿಎಂ ಬಂತು, ಆದರೆ ಅದು ಹೆಬ್ಬೆಟ್ಟು ಕೇಳುತ್ತಿತ್ತು. ಅದು ಹಕ್ಕು, ಇದು ದಾನ. ಹಕ್ಕಿಗೆ ಗುರುತು ಬೇಕು, ದಾನಕ್ಕೆ ಗುರುತು ಬೇಡ. ಬಂಗ್ಲಾ ಸಾಹಿಬ್‌ನಲ್ಲಿ ನೆನಪಿಡಿ ಎಂದ ಲಕ್ಷಣ ಇದೇ.

ಪೂರ್ವಪಕ್ಷ: ಕೊಟ್ಟರೂ ಕಡಿಮೆಯಾಗದ್ದು ದಾನ ಹೇಗಾದೀತು? ಅಕ್ಕಿ ಕೊಟ್ಟರೆ ತೊಟ್ಟಿ ಖಾಲಿಯಾಗುತ್ತದೆ, ತಂತ್ರಾಂಶ ಕೊಟ್ಟರೆ ಕೊಟ್ಟವನ ಬಳಿಯೂ ಉಳಿಯುತ್ತದೆ. ಸಿದ್ಧಾಂತ: ವಿದ್ಯೆಯೂ ಹಾಗೇ ಅಲ್ಲವೇ. ಜತೆಗೆ ಹೀಗೆ ಆಕ್ಷೇಪಿಸುವವನು ಎಂಟು ಜನ ಹಂಚಿಕೊಂಡ ವೈಫೈನಲ್ಲಿ ಒಮ್ಮೆ ಲೈವ್ ಕ್ಲಾಸ್ ನೋಡಿ ಬರಲಿ.

ಇನ್ನು ದೃಷ್ಟಾಂತ. 2020ರಲ್ಲಿ ಲಾಕ್‌ಡೌನ್ ಆದಾಗ ಪ್ರಿಲಿಮ್ಸನ್ನು ಮೇ 31ರಿಂದ ಅಕ್ಟೋಬರ್ 4ಕ್ಕೆ ದೂಡಿದರು. ಹುಡುಗರು ಊರಿಗೆ ಹೋದರು, ನಾನು ಉಳಿದೆ. ನಮ್ಮ ಮನೆಯ ಮೆಟ್ಟಿಲಡಿಯಲ್ಲಿ ಒಬ್ಬ ಪ್ರೆಸ್‌ವಾಲಾ ಇದ್ದ. ಕಲ್ಲಿದ್ದಲಿನ ಇಸ್ತ್ರಿಪೆಟ್ಟಿಗೆ, ಕಂಬಳಿ ಹಾಸಿದ ಮೇಜು, ಹಿಂದೆ ಪರದೆ, ಪರದೆಯಾಚೆ ಹೆಂಡತಿ ಮತ್ತು ಇಬ್ಬರು ಮಕ್ಕಳು. ಓಣಿ ಖಾಲಿಯಾದ ಮೇಲೆ ಇಸ್ತ್ರಿಗೆ ಬಟ್ಟೆಯೇ ಇಲ್ಲ. ಮಕ್ಕಳ ಶಾಲೆ ಫೋನಿಗೆ ಬಂದಿತ್ತು. ಫೋನ್ ಇತ್ತು, ಡೇಟಾ ಹಾಕಿಸಲು ದುಡ್ಡಿರಲಿಲ್ಲ. ಹುಡುಗಿ ನಮ್ಮ ಮೊದಲ ಮಹಡಿಯ ಬಾಗಿಲಿಗೆ ಒರಗಿ ಕೂತು ವೈಫೈಯ ಒಂದು ಗೆರೆ ಹಿಡಿಯಲು ನೋಡುತ್ತಿದ್ದಳು.

ನನ್ನ ಬಳಿ ಹಳೆಯದೊಂದು ರೂಟರ್ ಇತ್ತು, ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ್ದು. ಮೂರನೆಯ ಮಹಡಿಯಿಂದ ಮೆಟ್ಟಿಲ ಕಂಬಿಗೆ ಕಟ್ಟುತ್ತ ಕೇಬಲ್ ಇಳಿಸಿದೆ. ತುದಿಯ ಕನೆಕ್ಟರ್ ಒತ್ತುವಾಗ ಎಂಟು ತಂತಿಗಳ ಕ್ರಮ ತಪ್ಪಬಾರದು: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಮಂತ್ರದಂತೆ ಹೇಳಿಕೊಂಡೇ ಮೊದಲ ಸಲ ತಪ್ಪಿದೆ. ನೀಲಿ ಹಸಿರು ಅದಲುಬದಲು. ಪ್ರೆಸ್‌ವಾಲಾ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದಿದ್ದ. ಎರಡನೆಯ ಸಲ ಅವನೇ ಬಣ್ಣ ನೋಡಿ ಹೇಳಿದ. ಬಟ್ಟೆಯವನ ಕಣ್ಣು, ಬಿಳಿನೀಲಿಗೂ ಬಿಳಿಹಸಿರಿಗೂ ಮೋಸಹೋಗಲಿಲ್ಲ. ದೀಪ ಮಿನುಗಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೆರಡು ಆ ಫೋನಿಗೇ ಮೊದಲ ಆದ್ಯತೆ ಎಂದು ರೂಟರಿಗೆ ಬರೆದೆ, ಮೇಲಿನವರ ಸಿನಿಮಾ ಆಮೇಲೆ. ಮನೆಯೊಡತಿ ಆಂಟೀಜಿ ಮೆಟ್ಟಿಲ ಮೇಲೆ ಹಾವಿನಂತೆ ಇದೇನು ಎಂದು ಒಂದು ದಿನ ಕೂಗಾಡಿದರು, ಮರುದಿನ ಅದೇ ಕಂಬಿಯಿಂದ ಮಕ್ಕಳಿಗೆ ಬುಟ್ಟಿಯಲ್ಲಿ ಪರಾಠ ಇಳಿಬಿಟ್ಟರು. ಬುಟ್ಟಿಯನ್ನು ಯಾವ ಪೆಟ್ಟಿಗೆಗೆ ಹಾಕಲಿ, ಆಹಾರವೋ ಜಾಲವೋ?

ನನ್ನ ದಾನ ಮಾತ್ರ ಶುದ್ಧ ಸಾತ್ತ್ವಿಕ ಎಂದು ಲೆಕ್ಕಕ್ಕೆ ಬರೆದುಕೊಂಡೆ. ತಿರುಗಿ ಉಪಕಾರ ಮಾಡಲಾರದವನಿಗೆ ಕೊಟ್ಟದ್ದಲ್ಲವೇ? ಅಕ್ಟೋಬರ್ 3ರಂದು ಪರೀಕ್ಷೆಗೆಂದು ಒಂದು ಅಂಗಿ ಇಸ್ತ್ರಿಗೆ ಕೊಟ್ಟೆ. ಅಂಗಿಗೆ ಹತ್ತು ರೂಪಾಯಿ. ಅವನು ಕೈ ಮುಗಿದು ಬೇಡ ಎಂದ. ನಾನು ಬಿಡಲಿಲ್ಲ, ಅವನು ಒಳಗೆ ಹೋದಾಗ ಹತ್ತರ ನಾಣ್ಯವನ್ನು ಕಂಬಳಿಯ ಅಂಚಿನಡಿ ಸಿಕ್ಕಿಸಿ ಬಂದೆ. ಸಂಜೆ ಹುಡುಗಿ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ತಂದಳು. ಬೆಳಿಗ್ಗೆ ಹಾಕಿಕೊಳ್ಳೋಣವೆಂದು ಮೊಳೆಗೆ ತೂಗುಹಾಕಲು ಹೋದೆ. ಜೇಬಿನಲ್ಲಿ ಏನೋ ಗಟ್ಟಿ. ಹೊಲಿಗೆಯ ಮೂಲೆಗೆ ತಳ್ಳಿ, ಮೇಲಿಂದಲೇ ಇಸ್ತ್ರಿ ಎಳೆದಿದ್ದ. ಬೆರಳಿಗೆ ಸಿಕ್ಕಾಗ ನಾಣ್ಯ ಇನ್ನೂ ಬಿಸಿಯಾಗಿತ್ತು.