ಪ್ಲೇಟು ಪಂಡಿತರು

ಅಂಗಡಿಯಲ್ಲಿ ಸಿಗದ ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಹುಡುಕಿ ತಂದು, ತೊಳೆದು, ನುಡಿಸಿ, ಕಂಪ್ಯೂಟರಿಗೆ ಇಳಿಸಿ ಊರಿಗೆಲ್ಲ ಹಂಚುವವರನ್ನು ಪ್ಲೇಟು ಪಂಡಿತರು ಎನ್ನಬಹುದು. ಬ್ಯಾಂಕು, ವಿಮೆ, ಟೆಲಿಫೋನ್ ಇಲಾಖೆಗಳಿಂದ ನಿವೃತ್ತರಾದವರಲ್ಲಿ ಇವರು ಹೆಚ್ಚು. ಈಚೆಗೆ ಸಾಫ್ಟ್‌ವೇರ್ ಹುಡುಗರಿಗೂ ಈ ಗಾಳಿ ಸೋಕಿದೆ. ಹಾಡಲು ಬರುವವರು ಇವರಲ್ಲಿ ವಿರಳ. ಗಾಯಕರು ಶ್ರುತಿ ತಪ್ಪಿದರೆ ಕ್ಷಮಿಸಿಬಿಡುತ್ತಾರೆ, ಲೇಬಲ್ಲಿನ ಬಣ್ಣವನ್ನು ಯಾರಾದರೂ ತಪ್ಪಾಗಿ ಹೇಳಿದರೆ ಮಾತು ಬಿಡುತ್ತಾರೆ.

ಇವರು ಬೆಳಿಗ್ಗೆ ಬೇಗ ಏಳುವುದು ಭಾನುವಾರ ಮಾತ್ರ. ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಕಡೆಯ ಭಾನುವಾರದ ಸಂತೆ, ಮುಂಬಯಿಯ ಚೋರ್ ಬಜಾರ್ ಇವರ ತೀರ್ಥಕ್ಷೇತ್ರಗಳು. ಬೇಕಾದ ಪ್ಲೇಟು ಕಣ್ಣಿಗೆ ಬಿದ್ದೊಡನೆ ಪಂಡಿತರು ಅದರ ಕಡೆ ಬೆನ್ನು ತಿರುಗಿಸಿ, ಪಕ್ಕದಲ್ಲಿರುವ ಹಿತ್ತಾಳೆ ದೀಪದ ಬೆಲೆ ಕೇಳುತ್ತಾರೆ. ಗುಜರಿಯವನೇನು ಕಡಿಮೆಯೇ? "ದೀಪ ಇರ್ಲಿ ಬಿಡಿ ಸಾರ್, ಪ್ಲೇಟು ಆರ್ನೂರು" ಎನ್ನುತ್ತಾನೆ.

ಪಂಡಿತರ ಪಾಂಡಿತ್ಯ ಹಾಡಿನ ಸುತ್ತಲೂ ಹಬ್ಬಿದೆ, ಹಾಡನ್ನು ಮಾತ್ರ ಮುಟ್ಟುವುದಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಪ್ಲೇಟು ಅರಗಿನದು; ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆಯ ಹಾಡು. ವಿನೈಲಿನ ಎಲ್‌ಪಿ ಅಮೆರಿಕದಲ್ಲಿ ಹುಟ್ಟಿದ್ದು 1948ರಲ್ಲಿ. ಆದರೂ ಭಾರತದಲ್ಲಿ 1960ರ ದಶಕದಲ್ಲೂ 78ರ ಪ್ಲೇಟು ಅಚ್ಚಾಗುತ್ತಿತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ ಅರಗಿನ ಪ್ಲೇಟಿನಲ್ಲಿ ಬಂದವು, ಇಂದು ಅವಕ್ಕಾಗಿ ಇಂಗ್ಲೆಂಡಿನವರು ಬಾಯಿ ಬಿಡುತ್ತಾರೆ. ಇಷ್ಟನ್ನೂ ಪಂಡಿತರು ಬಂದವರಿಗೆಲ್ಲ ಕಾಫಿ ಆರುವಷ್ಟು ಹೊತ್ತು ಹೇಳುತ್ತಾರೆ. "ಹಾಡು ಹೇಗಿದೆ?" ಎಂದು ಕೇಳಿದರೆ ಪ್ಲೇಟನ್ನು ಬೆಳಕಿಗೆ ಹಿಡಿದು, ಲೇಬಲ್ಲಿನ ಅಂಚಿನ ನುಣುಪು ಜಾಗದಲ್ಲಿ ಕೊರೆದಿರುವ, ಮುದ್ರಣದ ಗುರುತಾದ ಮ್ಯಾಟ್ರಿಕ್ಸ್ ನಂಬರು ತೋರಿಸುತ್ತಾರೆ. ಉತ್ತರ ಅಲ್ಲಿಗೆ ಮುಗಿಯಿತು.

ಕಂಪ್ಯೂಟರಿಗೆ ಇಳಿಸುವ ಕೆಲಸದಲ್ಲಿ ಇವರ ಶ್ರದ್ಧೆಯನ್ನು ಮೆಚ್ಚಲೇಬೇಕು. 78ರ ಪ್ಲೇಟಿನ ಗೀರು ಅಗಲವಾದದ್ದು. ಎಲ್‌ಪಿಯ ಸಣ್ಣ ಮುಳ್ಳು ಅದರ ತಳಕ್ಕಿಳಿದು ಬರೀ ಸದ್ದು ಎತ್ತಿಕೊಂಡು ಬರುತ್ತದೆ. ಅದಕ್ಕೆಂದೇ ದಪ್ಪ ಮುಳ್ಳು ಬೇರೆ ಬೇಕು. ಮುಳ್ಳಿನ ಬೆಲೆ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಮುಂದಿನದು ಮತಭೇದದ ವಿಷಯ. ಕರಕರ ಸದ್ದನ್ನು ಸಾಫ್ಟ್‌ವೇರಿನಿಂದ ತೆಗೆಯಬೇಕೆನ್ನುವವರು ಒಂದು ಪಂಗಡ. ಆ ಸದ್ದೂ ಸಂಗೀತದ ಭಾಗವೇ, ತೆಗೆದರೆ ಪಾಪ ಎನ್ನುವವರು ಇನ್ನೊಂದು. ಈ ಇಬ್ಬರನ್ನು ಒಂದೇ ಮದುವೆಮನೆಯ ಪಂಕ್ತಿಯಲ್ಲಿ ಕೂರಿಸಬಾರದು.

ಹಂಚುವಾಗ ಔದಾರ್ಯಕ್ಕೂ ಅಭಿಮಾನಕ್ಕೂ ಜಗಳ ಹತ್ತುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗ್ ಮುಂದೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ದೂರದ ಜರ್ಮನಿಯ ಹ್ಯಾನೋವರಿನಲ್ಲಿ ಪ್ಲೇಟು ಅಚ್ಚು ಹಾಕುವವರಿಗೆ ಗಾಯಕಿ ಯಾರೆಂದು ತಿಳಿಯಲಿ ಎಂದು. ಪಂಡಿತರೂ ಇದೇ ಸಂಪ್ರದಾಯದವರು. ಆದರೆ ಪಲ್ಲವಿಗೂ ಚರಣಕ್ಕೂ ನಡುವೆಯೇ ಬಾಯಿ ಹಾಕಿ, "ಇದು ನಮ್ಮ ಸಂಗ್ರಹದಿಂದ" ಎಂದು ಹೇಳಿ ಹೋಗುತ್ತಾರೆ. ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹೀಗಾಗಿ ಮೈಸೂರಿನ ಪಂಡಿತರಿಗೆ ಕಲ್ಕತ್ತೆಯ ಪ್ಲೇಟುಗಳ ಮೇಲೂ ತವರಿನ ಹಕ್ಕು.

ಕಾನೂನು ಇವರಿಗೆ ಬಾಯಿಪಾಠ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ, ಆಮೇಲೆ ಅದು ಎಲ್ಲರ ಸೊತ್ತು. ಸಾಹಿತ್ಯಕ್ಕೂ ರಾಗಸಂಯೋಜನೆಗೂ ಲೆಕ್ಕ ಬೇರೆ, ಬರೆದವರು ತೀರಿಕೊಂಡ ಮೇಲೆ 60 ವರ್ಷ. ಮೊದಲ ನಿಯಮವನ್ನು ಪಂಡಿತರು ಗಟ್ಟಿಯಾಗಿ ಹೇಳುತ್ತಾರೆ. ಎರಡನೆಯದು ಬರುವ ಹೊತ್ತಿಗೆ ಕೆಮ್ಮು ಬರುತ್ತದೆ.

ಇವರ ನಿದ್ದೆಗೆಡಿಸಲು "ಅದು ನನ್ನ ಹತ್ತಿರಾನೂ ಇದೆ" ಎಂಬ ಒಂದು ಮಾತು ಸಾಕು. ಜಗತ್ತಿನಲ್ಲಿ ಒಂದೇ ಇದೆ ಎಂದು ನಂಬಿದ್ದ ಪ್ಲೇಟಿನ ಇನ್ನೊಂದು ಪ್ರತಿ ಸಂತೆಯಲ್ಲಿ ಕಂಡರೆ, ಸಾಲ ಮಾಡಿಯಾದರೂ ಅದನ್ನೂ ಕೊಂಡು ಬೀರುವಿನಲ್ಲಿ ಅಡಗಿಸಿ, ಮತ್ತೆ ಒಂದೇ ಇದೆ ಎಂದು ಹೇಳಿಕೊಂಡು ತಿರುಗುವವರಿದ್ದಾರೆ. ಆ ಬೀರುವಿನಲ್ಲಿ ಮೊದಲಿದ್ದ ರೇಷ್ಮೆ ಸೀರೆಗಳು ಈಗ ಮಂಚದ ಕೆಳಗಿನ ಟ್ರಂಕಿನಲ್ಲಿವೆ. ಆ ಬಗ್ಗೆ ಮನೆಯಾಕೆಯ ಅಭಿಪ್ರಾಯವನ್ನು ಇನ್ನೂ ಯಾರೂ ಧ್ವನಿಮುದ್ರಿಸಿಲ್ಲ.

ನಗೆಯಾಡಿದರೂ ಋಣ ದೊಡ್ಡದು. ನಾಟಕ ಕಂಪನಿಗಳ ರಂಗಗೀತೆ, ಮಲ್ಲಿಕಾರ್ಜುನ ಮನ್ಸೂರರ ಯೌವನದ ದನಿ, ಅಮೀರಬಾಯಿ ಕರ್ನಾಟಕಿ, ಪಿ. ಕಾಳಿಂಗರಾಯರ ಹಳೆಯ ಮುದ್ರಣಗಳು ಇಂದು ಮೊಬೈಲಿನಲ್ಲಿ ಕೇಳಸಿಗುತ್ತಿದ್ದರೆ, ಅದರಲ್ಲಿ ಹೆಚ್ಚಿನ ಪುಣ್ಯ ಈ ಹುಚ್ಚರದು.

ಅಟ್ಟದ ಮೇಲೆ ಅಜ್ಜನ ಕಾಲದ ಪ್ಲೇಟುಗಳಿದ್ದರೆ ತೂಕಕ್ಕೆ ಹಾಕಬೇಡಿ. ಹಳೆಯ 78ರ ಪ್ಲೇಟನ್ನು ಸ್ಪಿರಿಟ್ಟಿನಿಂದ ಒರೆಸಲೇಬೇಡಿ, ಅರಗು ಕರಗಿಹೋಗುತ್ತದೆ. ನೆಟ್ಟಗೆ ನಿಲ್ಲಿಸಿಟ್ಟು ಹತ್ತಿರದ ಪಂಡಿತರಿಗೆ ಸುದ್ದಿ ಮುಟ್ಟಿಸಿ. ಪ್ಲೇಟು ಕೈಗೆ ಕೊಡುವ ಮುಂಚೆ, ಇಳಿಸಿದ ಹಾಡಿನ ಒಂದು ಪ್ರತಿ, ನಡುವೆ ಅವರ ಮಾತಿಲ್ಲದ್ದು, ನಿಮಗೂ ಬೇಕೆಂದು ಮರೆಯದೆ ಹೇಳಿ.