ಮಂಡೂಕಾಂಗಾಂಶ ವರ್ಗನಿರ್ಣಯ

ಬಸವನಗುಡಿಯಲ್ಲಿ ಎಲ್ಲಕ್ಕೂ ಒಂದು ಶಾಸ್ತ್ರವುಂಟು. ಕಾಫಿಗೆ ಚಿಕೋರಿ ಎಷ್ಟಿರಬೇಕೆಂಬುದಕ್ಕೂ ಉಂಟು. ಕೆಂಪಾಂಬುಧಿ ಕೆರೆಯ ಗೊದಮೊಟ್ಟೆಗೆ ಮಾತ್ರ ಇಲ್ಲವೆಂಬ ಕೊರತೆ ನೀಗಲೆಂದು ಈ ನಿಬಂಧ.

ಸೂತ್ರ: ಆಜ್ಞೆ ಒಂದೇ, ಅರ್ಥ ಅಂಗಾಂಶಾಧೀನ. ವ್ಯಾಖ್ಯಾನ: ಗೊದಮೊಟ್ಟೆ ಕಪ್ಪೆಯಾಗುವ ಹೊತ್ತಿಗೆ ಥೈರಾಯ್ಡ್ ಹಾರ್ಮೋನು ರಕ್ತದಲ್ಲಿ ಮೈಯಿಡೀ ಹರಿಯುತ್ತದೆ. 1912ರಲ್ಲಿ ಗುಡರ್‌ನಾಚ್ ಎಂಬಾತ ಮರಿಗಳಿಗೆ ಥೈರಾಯ್ಡ್ ಗ್ರಂಥಿಯನ್ನೇ ತಿನ್ನಿಸಿದ. ಅವು ಅಕಾಲದಲ್ಲೇ ಪುಟಾಣಿ ಕಪ್ಪೆಗಳಾದವು. ಆದರೆ ಆ ಆಜ್ಞೆಗೆ ಯಾವ ಕಿಣ್ವವನ್ನು ಏರಿಸಬೇಕೆಂಬುದು ಆಯಾ ಅಂಗಾಂಶದ ಚಿತ್ತ.

ಮೊದಲನೆಯದು ಲಯವರ್ಗ, ಅಂದರೆ ಬಾಲ. ಇಲ್ಲಿ ಕೊಲಾಜಿನೇಸ್, ಕೆಥೆಪ್ಸಿನ್, ಆಸಿಡ್ ಫಾಸ್ಫಟೇಸ್ ಚುರುಕಾಗಿ ಬಾಲವನ್ನು ಒಳಗಿಂದಲೇ ಅರಗಿಸುತ್ತವೆ. 1962ರಲ್ಲಿ ಗ್ರಾಸ್ ಮತ್ತು ಲಾಪಿಯೇರ್ ಬಾಲದ ಚೂರೊಂದನ್ನು ಕೊಲಾಜನ್ ಜೆಲ್ ಮೇಲಿಟ್ಟು ಕಾದರು. ಚೂರಿನ ಸುತ್ತ ಜೆಲ್ ಕರಗಿ ತಿಳಿಯಾಯಿತು. ಬೆನ್ನೆಲುಬಿನ ಪ್ರಾಣಿಯಲ್ಲಿ ಕೊಲಾಜಿನೇಸ್ ಮೊದಲು ಸಿಕ್ಕಿಬಿದ್ದದ್ದು ಹೀಗೆ. ಚಾಮರಾಜಪೇಟೆಯಲ್ಲಿ ಹಳೇ ಮನೆ ಕೆಡವುವವರು ತೇಗದ ಕಂಬ, ತೊಲೆಗಳನ್ನು ಬಿಸಾಡುವುದಿಲ್ಲವಷ್ಟೆ. ಬಾಲದ ಅಮೈನೋ ಆಮ್ಲಗಳೂ ಹಾಗೆಯೇ ಮೈಗೆ ಸಲ್ಲುತ್ತವೆ. ಆ ದಿನಗಳಲ್ಲಿ ಮರಿಗೆ ಬೇರೆ ಊಟವೂ ಇಲ್ಲ.

ಇಲ್ಲಿ ಮಲ್ಲೇಶ್ವರದ ಪೂರ್ವಪಕ್ಷ: ಅದು ಸ್ಥಳದೋಷ, ಬಾಲದಲ್ಲಿ ಯಾರಿದ್ದರೂ ಕರಗುತ್ತಿದ್ದರು. (ಸ್ಯಾಂಕಿ ಕೆರೆಯನ್ನು ಬೆಳಗ್ಗೆ ಸುತ್ತಿ ಬಂದವರಿಗೆ ಖಂಡನೆಯ ಉತ್ಸಾಹ ಸಹಜ.) ಸಿದ್ಧಾಂತ: ಅಲ್ಲ. 1933ರಲ್ಲಿ ಶ್ವಿಂಡ್ ಮರಿಯ ಕಣ್ಣನ್ನು ಬಾಲಕ್ಕೆ ಕಸಿ ಮಾಡಿದ. ಬಾಲ ಕುಗ್ಗುತ್ತಾ ಬಂತು, ಕಣ್ಣು ಕುಗ್ಗಲಿಲ್ಲ. ಮೈಯ ಹಿಂಬದಿಗೆ ಬಂದು ಹಾಗೇ ಉಳಿಯಿತು. ನೆರೆಮನೆ ಕುಸಿದರೂ ತನಗೆ ಬಂದ ಆಜ್ಞೆಯನ್ನಷ್ಟೇ ಓದಿಕೊಳ್ಳುವ ಅಂಗಾಂಶವಿದು. ಪೂರ್ವಪಕ್ಷ ಇಲ್ಲಿಗೆ ಖಂಡಿತ.

ಎರಡನೆಯದು ವೃತ್ತಿಪಲ್ಲಟವರ್ಗ: ಯಕೃತ್ತು. ಇದು ಸಾಯುವುದೂ ಇಲ್ಲ, ಹೊಸದಾಗಿ ಹುಟ್ಟುವುದೂ ಇಲ್ಲ, ಕಸುಬು ಬದಲಿಸುತ್ತದೆ. ನೀರಿನಲ್ಲಿರುವಷ್ಟು ದಿನ ಅಮೋನಿಯಾವನ್ನು ಹಾಗೇ ಹೊರಬಿಟ್ಟರೆ ನಡೆಯುತ್ತದೆ, ಕೆರೆ ಎಲ್ಲವನ್ನೂ ಸಹಿಸುತ್ತದೆ. ನೆಲಕ್ಕೆ ಬಂದಮೇಲೆ ಆ ವಿಷ ಮೈಯಲ್ಲೇ ಉಳಿದೀತು. ಅದಕ್ಕೇ ಕಾರ್ಬಮೈಲ್ ಫಾಸ್ಫೇಟ್ ಸಿಂಥೆಟೇಸ್ ಮತ್ತು ಅದರ ಬಳಗದ ಕಿಣ್ವಗಳು ಏರುತ್ತವೆ, ಅಮೋನಿಯಾ ಯೂರಿಯಾ ಆಗುತ್ತದೆ.

ಕಾಲುಗಳು ಉದಯವರ್ಗ; ಬೆಳೆಯುತ್ತವೆ, ಹೆಚ್ಚು ಹೇಳುವಂಥದ್ದೇನಿಲ್ಲ. ಕರುಳು ಶಾಸ್ತ್ರಕಾರನಿಗೆ ತಲೆನೋವು: ಪಾಚಿ ತಿನ್ನುತ್ತಿದ್ದ ಉದ್ದನೆಯ ಕರುಳಿನ ಹಳೆಯ ಒಳಪದರ ಸಾಯುತ್ತದೆ, ಅಲ್ಲೇ ಹುಳು ಹಿಡಿದು ತಿನ್ನುವವನಿಗೆ ತಕ್ಕ ಗಿಡ್ಡ ಕರುಳಿನ ಹೊಸ ಪದರ ಹುಟ್ಟುತ್ತದೆ. ಲಯ, ಉದಯ ಎರಡೂ ಒಂದೇ ಕೊಳವೆಯಲ್ಲಿ. ಇದನ್ನು ಸಂಕರವರ್ಗವೆಂದು ಕರೆದು ಕೈತೊಳೆದುಕೊಂಡಿದ್ದೇನೆ.

ಪಿಯುಸಿ ಮಕ್ಕಳು ಗಮನಿಸಿ: ಪರೀಕ್ಷೆಯಲ್ಲಿ ಈ ವರ್ಗಗಳ ಹೆಸರು ಬರೆದರೆ ಅಂಕ ಬರುವುದಿಲ್ಲ. ಕಿಣ್ವಗಳ ಹೆಸರು ಬರೆಯಿರಿ.