ಚಿರಂಜೀವಿ ಮೋಟರು, ಅಲ್ಪಾಯುಷಿ ಬ್ಯಾಟರಿ

ಬೆಳಗಾವಿ, ಕಲಬುರಗಿ, ಕೊಡಗು ಈ ಮೂರು ಜಿಲ್ಲೆಗಳನ್ನು ಪಕ್ಕಕ್ಕಿಟ್ಟು ಉಳಿದ ಕರ್ನಾಟಕಕ್ಕೆಲ್ಲ ಹುಲ್ಲು ಹಾಸಿದರೆ ಎಷ್ಟಾಗುತ್ತದೋ, ಹೆಚ್ಚುಕಡಿಮೆ ಅಷ್ಟು ಹುಲ್ಲು ಅಮೆರಿಕದ ಮನೆಯಂಗಳ, ಉದ್ಯಾನ, ಗಾಲ್ಫ್ ಮೈದಾನಗಳಲ್ಲಿದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜು ಸುಮಾರು 1.64 ಲಕ್ಷ ಚದರ ಕಿಲೋಮೀಟರು. ನೀರು ಕುಡಿಸಿ, ಗೊಬ್ಬರ ಉಣಿಸಿ, ಔಷಧಿ ಹೊಡೆದು, ಬೆಳೆದ ಕೂಡಲೇ ಯಾಕೆ ಬೆಳೆದೆ ಎಂದು ತಲೆ ಕತ್ತರಿಸುವ ಬೇಸಾಯ ಭೂಮಿಯ ಮೇಲೆ ಇದೊಂದೇ ಇರಬೇಕು. ಎತ್ತರ ಮೀರಿದರೆ ಮನೆಮಾಲೀಕರ ಸಂಘದಿಂದ ನೋಟಿಸು ಬರುತ್ತದೆ. ಹಲವು ಊರುಗಳಲ್ಲಿ ಪುರಸಭೆಯೇ ದಂಡ ಹಾಕುತ್ತದೆ. ಒಂದು ಹಸು ಕಟ್ಟಿದರೆ ಎಲ್ಲ ಬಗೆಹರಿಯುತ್ತಿತ್ತು. ಹಸು ಕಟ್ಟಿದರೂ ಅದೇ ಸಂಘದಿಂದ ನೋಟಿಸು ಬರುತ್ತದೆ.

ಹಾಗಾಗಿ ಯಂತ್ರ. ಇಂಗ್ಲೆಂಡಿನ ಸ್ಟ್ರೌಡ್ ಬಳಿಯ ಎಡ್ವಿನ್ ಬಡ್ಡಿಂಗ್ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. ಅವನಿಗೆ ಅದು ಹೊಳೆದದ್ದು ತೋಟದಲ್ಲಲ್ಲ, ಉಣ್ಣೆ ಗಿರಣಿಯ ಯಂತ್ರ ನೋಡಿ. ನೇಯ್ದ ಬಟ್ಟೆಯ ಮೇಲೆ ಎದ್ದ ಜುಂಗನ್ನು ನಯವಾಗಿ ಸವರುವ ಸುರುಳಿ ಬ್ಲೇಡನ್ನೇ ನೆಲದ ಮೇಲೆ ಉರುಳಿಸಿದರೆ ಹೇಗೆ ಅಂದುಕೊಂಡ, ಉರುಳಿಸಿದ. ಅಂದರೆ ಲಾನ್ ಮೋವರ್ ಹುಟ್ಟಿದ್ದೇ ಒಂದು ಯಂತ್ರದ ಅಂಗವನ್ನು ಕಿತ್ತು ಇನ್ನೊಂದು ಕೆಲಸಕ್ಕೆ ಹಚ್ಚಿದ್ದರಿಂದ. ಇವತ್ತು ಆ ಯಂತ್ರದ ಮೋಟರನ್ನು ಕಿತ್ತು ಇನ್ನೊಂದು ಕೆಲಸಕ್ಕೆ ಹಚ್ಚಲು ಹೋದರೆ ಮಾತ್ರ ಬಡ್ಡಿಂಗನ ವಾರಸುದಾರರಿಗೆ ಎಲ್ಲಿಲ್ಲದ ಕಳವಳ.

ಪೆಟ್ರೋಲ್ ಮೋವರಿನ ಮೇಲೆ ನನಗೇನೂ ಮೋಹವಿಲ್ಲ. ಬಾಡಿಗೆಗೆ ಹುಲ್ಲು ಕತ್ತರಿಸುವವರ ಪೆಟ್ರೋಲ್ ಯಂತ್ರ ಒಂದು ಗಂಟೆ ಓಡಿದರೆ, ಹೊಸ ಕಾರೊಂದು 300 ಮೈಲಿ ಓಡಿದಷ್ಟು ಹೊಗೆಮಂಜಿನ ಸಾಮಗ್ರಿ ಗಾಳಿಗೆ ಸೇರುತ್ತದೆ ಎಂದು ಕ್ಯಾಲಿಫೋರ್ನಿಯಾದ ವಾಯು ಮಂಡಳಿಯೇ ಲೆಕ್ಕ ಹಾಕಿದೆ. ಆ ರಾಜ್ಯ 2021ರಲ್ಲಿ ಕಾನೂನು ಮಾಡಿ, 2024ರ ಮಾದರಿಯಿಂದ ಇಂಥ ಹೊಸ ಎಂಜಿನುಗಳ ಮಾರಾಟಕ್ಕೆ ಬಾಗಿಲು ಹಾಕಿತು. ಸರಿಯಾದದ್ದೇ. ಜನ ಬ್ಯಾಟರಿ ಮೋವರ್ ಕೊಂಡರು. ವೈರಿಲ್ಲ, ಹೊಗೆಯಿಲ್ಲ, ಪಕ್ಕದ ಮನೆಯವರ ಶನಿವಾರದ ನಿದ್ದೆಗೆ ಭಂಗವಿಲ್ಲ. ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 40 ವೋಲ್ಟ್. ಇರುವೆ ಗಾತ್ರದ ಅಕ್ಷರದಲ್ಲಿ, ನಿಜವಾದ ಲೆಕ್ಕ 36. ಚಾರ್ಜರಿನಿಂದ ಈಗಷ್ಟೇ ತೆಗೆದ ಬ್ಯಾಟರಿ ತೋರಿಸುವ ಉಮೇದನ್ನೇ ಅದರ ಅರ್ಹತೆ ಎಂದು ಮುದ್ರಿಸುವ ಈ ಪದ್ಧತಿ ನಮ್ಮ ಚುನಾವಣಾ ಪ್ರಣಾಳಿಕೆ ಬರೆಯುವವರಿಗೆ ಗೊತ್ತಿಲ್ಲದ್ದೇನಲ್ಲ.

ಕೆಲವು ಬೇಸಿಗೆ ಕಳೆದ ಮೇಲೆ ಬ್ಯಾಟರಿ ಕಣ್ಣು ಮುಚ್ಚುತ್ತದೆ. ಒಳಗೆ ಸಾಲಾಗಿ ಕೂತ ಹತ್ತು ಸೆಲ್ಲುಗಳಲ್ಲಿ ಒಂದು ಸೊರಗಿದರೂ ಸಾಕು, ಕಾವಲಿಗಿರುವ ಸರ್ಕ್ಯೂಟು ಇಡೀ ಪೆಟ್ಟಿಗೆಗೆ ಬೀಗ ಜಡಿಯುತ್ತದೆ. ಹೊಸ ಬ್ಯಾಟರಿಯ ಬೆಲೆ ಕೇಳಿದರೆ, ಅದಕ್ಕೆ ಇನ್ನಷ್ಟು ಸೇರಿಸಿದರೆ ಹೊಸ ಯಂತ್ರವೇ ಬರುತ್ತದಲ್ಲ ಎಂಬ ಜ್ಞಾನೋದಯ ಗಿರಾಕಿಗೆ ತಾನಾಗಿಯೇ ಆಗುತ್ತದೆ. ಆಗಲೆಂದೇ ಆ ಬೆಲೆ ಇಟ್ಟಿರುವುದು. ಇನ್ನು ಕೆಲವು ಯಂತ್ರಗಳಲ್ಲಿ ಬ್ಯಾಟರಿ ಸರಿಯಿರುತ್ತದೆ, ಒದ್ದೆ ಹುಲ್ಲಿನ ತೇವ ತಾಗಿ ಬೋರ್ಡಿನ ಒಂದು ಸಣ್ಣ ಟ್ರಾನ್ಸಿಸ್ಟರು ಸುಟ್ಟಿರುತ್ತದೆ. ಅಥವಾ ಹಿಡಿಯ ಸ್ವಿಚ್ಚು ಸವೆದಿರುತ್ತದೆ. ಪರಿಣಾಮ ಒಂದೇ: ಯಂತ್ರ ರಸ್ತೆಬದಿಗೆ.

ಅಪರೂಪಕ್ಕಷ್ಟೇ ಸಾಯುವುದು ಮೋಟರು. ಅದರಲ್ಲೂ ಬ್ರಷ್‌ಲೆಸ್ ಮೋಟರು. ಉಜ್ಜಿ ಸವೆಯಲು ಅದರಲ್ಲಿ ಕಾರ್ಬನ್ ಇಲ್ಲ. ತಾಮ್ರದ ಸುತ್ತು, ಉಕ್ಕು, ಆಯಸ್ಕಾಂತ, ಎರಡು ಬೇರಿಂಗು, ಅಷ್ಟೇ. ನಮ್ಮ ಕಡೆ ವೋಲ್ಟೇಜು ಕುಸಿದು ಪಂಪ್‌ಸೆಟ್ಟಿನ ಮೋಟರು ಸುಟ್ಟುಹೋಗುತ್ತದೆ, ಪೈಪು, ಸ್ಟಾರ್ಟರು, ಸಾಲ ಎಲ್ಲ ಗಟ್ಟಿಮುಟ್ಟಾಗಿ ಉಳಿಯುತ್ತವೆ. ಹಾಗಾಗಿ ತಾಲ್ಲೂಕಿಗೆ ಹತ್ತು ರಿವೈಂಡಿಂಗ್ ಅಂಗಡಿ. ಅಮೆರಿಕದಲ್ಲಿ ಉಳಿದದ್ದೆಲ್ಲ ಸತ್ತು ಮೋಟರು ಮಾತ್ರ ಬದುಕಿರುತ್ತದೆ. ಬದುಕಿರುವುದನ್ನು ರಿಪೇರಿ ಮಾಡುವ ಅಂಗಡಿ ಎಲ್ಲಿಯೂ ಇಲ್ಲ.

ಇಲ್ಲಿ ನಮ್ಮವರ ಪ್ರವೇಶ. ಊರಿನ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಓದಿ, ವೈವಾ ಮುಗಿದ ದಿನವೇ ಮೋಟರಿಗೆ ಕೈಮುಗಿದು, ಸಾಫ್ಟ್‌ವೇರ್ ಬರೆಯಲು ನ್ಯೂಜೆರ್ಸಿಗೆ ಹೋದ ಕನ್ನಡಿಗ. ಅವನ ಗರಾಜು ಅಜ್ಜಿಮನೆಯ ಅಟ್ಟದ ಹಾಗೆ: ಇಳಿಸಲು ಬಾರದ್ದನ್ನು ಏರಿಸುತ್ತ ಹೋಗುವ ಜಾಗ. ಕಾರು ಹೊರಗೆ ಹಿಮದಲ್ಲಿ ನಿಂತಿರುತ್ತದೆ, ಒಳಗೆ ಬೆಚ್ಚಗೆ ಸತ್ತ ಮೋವರು. "ಇರ್ಲಿ ಬಿಡೇ, ಮೋಟರು ಬೇಕಾಗುತ್ತೆ." ಯಾವುದಕ್ಕೆ? ಗಾಳಿಯಂತ್ರಕ್ಕೆ, ಮಗನ ಗೋ-ಕಾರ್ಟಿಗೆ, ಮರ ಉಜ್ಜುವ ಸ್ಯಾಂಡರಿಗೆ. ಬೇರೆಯವರು ಎಸೆದ ಮೋವರುಗಳೂ ಬಂದು ಸೇರಿದವು. ಯೋಜನೆ ಎಷ್ಟಿವೆಯೋ ಮೋಟರೂ ಅಷ್ಟಿರಬೇಡವೇ?

ಒಂದು ಭಾನುವಾರ ಬಿಚ್ಚಿಯೇಬಿಟ್ಟ. ಹೊರಬಂದದ್ದು ಮೂರು ವೈರು. ಪ್ಲಸ್ ಯಾವುದು, ಮೈನಸ್ ಯಾವುದು, ಈ ಮೂರನೆಯವರು ಯಾರು? ಹಳೆಯ ಬ್ರಷ್ ಮೋಟರಾಗಿದ್ದರೆ ಬ್ಯಾಟರಿಗೆ ಮುಟ್ಟಿಸಿದೊಡನೆ ತಿರುಗುತ್ತಿತ್ತು. ಇದಕ್ಕೆ ನೇರ ಕರೆಂಟು ಕೊಟ್ಟರೆ ಒಮ್ಮೆ ಜಗ್ಗಿ ನಿಂತು ಬಿಸಿಯಾಗುತ್ತದೆ. ಮೂರು ಸುತ್ತುಗಳಿಗೆ ಸರದಿಯಂತೆ ಕರೆಂಟು ಹಂಚಲು ಕಂಟ್ರೋಲರ್ ಬೇಕು. ಮೋವರಿನದೇ ಕಂಟ್ರೋಲರಿಗೆ ಹಲವು ಕಂಪನಿಗಳು ಇನ್ನೊಂದು ಮಡಿ ಕಲಿಸಿವೆ: ತಮ್ಮ ಕುಲದ ಬ್ಯಾಟರಿಯಿಂದ ಸಂಕೇತ ಬಂದರಷ್ಟೇ ಅದು ಎಚ್ಚರಗೊಳ್ಳುತ್ತದೆ.

ಮೋಟರು ಸರಿಯಿದೆಯೇ ಎಂದು ನೋಡಲು ಮಾತ್ರ ಯಾರ ಅಪ್ಪಣೆಯೂ ಬೇಡ. ದಂಡವನ್ನು ಕೈಯಲ್ಲಿ ತಿರುಗಿಸಿ, ಹಗುರವಾಗಿ ತಿರುಗುತ್ತದೆ. ಎರಡು ವೈರನ್ನು ಒಂದಕ್ಕೊಂದು ಕಚ್ಚಿಸಿ ಮತ್ತೆ ತಿರುಗಿಸಿ, ಯಾರೋ ಒಳಗಿನಿಂದ ಹಿಡಿದಂತೆ ಬಿಗಿಯುತ್ತದೆ. ತಿರುಗಿಸಿದ ಮೋಟರು ಜನರೇಟರಾಗಿ, ತಾನು ಹುಟ್ಟಿಸಿದ ಕರೆಂಟಿನಿಂದಲೇ ತನ್ನನ್ನು ತಡೆಯುತ್ತದೆ. 1873ರ ವಿಯೆನ್ನಾ ವಸ್ತುಪ್ರದರ್ಶನದಲ್ಲಿ ಗ್ರಾಮ್ ಎಂಬಾತನ ಡೈನಮೋ ಮೋಟರಾಗಿ ತಿರುಗಿದ್ದು ಇದೇ ನಂಟಿನಿಂದ. ನಮ್ಮ ಇಂಜಿನಿಯರ್ ರೋಮಾಂಚನಗೊಂಡ. "ಲೆಂಜ್ ನಿಯಮ ಕಣೇ! ಎಂಟು ಮಾರ್ಕಿಗೆ ಬರೆದಿದ್ದೆ!" ಹೆಂಡತಿ ಕೇಳಿದಳು: "ರೀ, ಆವಾಗ್ಲೇ ಅರ್ಥ ಆಗಿತ್ತಾ, ಇವತ್ತು ಆಯ್ತಾ?"

ಕಾನೂನಿನ ನೆರವಿದೆಯಲ್ಲ ಎನ್ನಬಹುದು. ಬಂದೂಕು ಹಿಡಿಯುವ ಹಕ್ಕು ಅಮೆರಿಕನ್ನರ ಸಂವಿಧಾನಕ್ಕೆ 1791ರಲ್ಲೇ ಸೇರಿತು. ಸ್ಕ್ರೂಡ್ರೈವರ್ ಹಿಡಿಯುವ ಹಕ್ಕು ಹೆಚ್ಚು ಅಪಾಯಕಾರಿ ಅನ್ನಿಸಿರಬೇಕು, ಎಲೆಕ್ಟ್ರಾನಿಕ್ ಸಾಮಾನಿನ ರಿಪೇರಿ ಹಕ್ಕಿನ ಕಾನೂನಿಗೆ ನ್ಯೂಯಾರ್ಕಿನ ಗವರ್ನರ್ ಸಹಿ ಹಾಕಿದ್ದು 2022ರ ಡಿಸೆಂಬರಿನಲ್ಲಿ. ಅದೂ ಕೊನೆ ಗಳಿಗೆಯಲ್ಲಿ ಹಲ್ಲು ಕಿತ್ತು. ಸುರಕ್ಷತೆಯ ನೆಪವಿದ್ದರೆ ಬಿಡಿಭಾಗ ಕೇಳಿದವನಿಗೆ ಕಂಪನಿ ಇಡೀ ಜೋಡಣೆಯನ್ನೇ ಮಾರಬಹುದು. ಒಂದು ಮೊಳೆ ಕೇಳಿದವನಿಗೆ ಬಾಗಿಲು ತೂಗಿ ಕೊಡುವ ಔದಾರ್ಯ.

ಇಷ್ಟರ ನಡುವೆ 2025ರ ಏಪ್ರಿಲಿನಲ್ಲಿ ಚೀನಾ ಏಳು ವಿರಳ ಲೋಹಗಳು (ರೇರ್ ಅರ್ತ್) ಮತ್ತು ಅವುಗಳ ಆಯಸ್ಕಾಂತಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಮುಂದಿನ ತಿಂಗಳು ಫೋರ್ಡ್ ಕಂಪನಿಯ ಶಿಕಾಗೋ ಕಾರ್ಖಾನೆ ಆಯಸ್ಕಾಂತವಿಲ್ಲದೆ ಒಂದು ವಾರ ಬಾಗಿಲು ಹಾಕಿತು. ದೆಹಲಿಯಲ್ಲೂ ನಿದ್ದೆಗೆಟ್ಟಿತು. ನವೆಂಬರಿನಲ್ಲಿ ಕೇಂದ್ರ ಸಂಪುಟ ವಿರಳ ಲೋಹದ ಆಯಸ್ಕಾಂತ ತಯಾರಿಕೆಗೆ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸತ್ತ ಮೋವರುಗಳ ಹೊಟ್ಟೆಯಲ್ಲಿ, ಅಗ್ಗದವುಗಳಲ್ಲಿ ಫೆರೈಟ್ ಇದ್ದರೂ, ಒಳ್ಳೆಯ ಬ್ರಷ್‌ಲೆಸ್ ಮೋಟರುಗಳಲ್ಲಿ ಇದೇ ಜಾತಿಯ ನಿಯೋಡಿಮಿಯಂ ಆಯಸ್ಕಾಂತಗಳು ಕೂತಿರುತ್ತವೆ. ಅವನ್ನು ಮರಳಿ ಪಡೆಯುತ್ತಾರೆಯೇ? ಗುಜರಿ ಕಾರ್ಖಾನೆ ಇಡೀ ಯಂತ್ರವನ್ನು ಅರೆಯುತ್ತದೆ. ಆಯಸ್ಕಾಂತದ ಪುಡಿ ತನ್ನ ಸ್ವಭಾವಕ್ಕೆ ತಕ್ಕಂತೆ ಕಬ್ಬಿಣಕ್ಕೆ ಅಂಟಿಕೊಂಡು, ಕಬ್ಬಿಣದ ಜೊತೆಗೇ ಕುಲುಮೆಗೆ ಹೋಗಿ ಕಿಟ್ಟವಾಗುತ್ತದೆ. ಜಗತ್ತಿನ ವಿರಳ ಲೋಹಗಳಲ್ಲಿ ಮರುಬಳಕೆಗೆ ಬರುವುದು ಶೇಕಡಾ ಒಂದಕ್ಕಿಂತ ಕಡಿಮೆ ಎಂಬುದು ಬಹುಕಾಲದಿಂದ ಎಲ್ಲರೂ ಉದ್ಧರಿಸುವ ಅಂದಾಜು. ಸಮಾವೇಶಗಳಲ್ಲಿ ಉದ್ಧರಿಸುತ್ತಾರೆ, ಚಹಾ ಕುಡಿಯುತ್ತಾರೆ.

ನಮ್ಮವನ ಗರಾಜಿನಲ್ಲಿ ಮಾತ್ರ ರಾಷ್ಟ್ರೀಯ ದಾಸ್ತಾನು ಬೆಳೆಯುತ್ತಲೇ ಇತ್ತು. ಕೊನೆಗೆ ಅವನು ಆರಿಸಿಕೊಂಡದ್ದು ಇಡ್ಲಿ ಹಿಟ್ಟಿನ ಗ್ರೈಂಡರು. ದೇಶಪ್ರೇಮ, ಪರಿಸರಪ್ರೇಮ, ಉದ್ದಿನಬೇಳೆ ಮೂರೂ ಒಂದೇ ಪಾತ್ರೆಯಲ್ಲಿ. ಬೆಂಗಳೂರಾಗಿದ್ದರೆ ಎಸ್.ಪಿ. ರಸ್ತೆಗೆ ಹೋಗಿ ಮೋಟರನ್ನು ಮೇಜಿನ ಮೇಲಿಟ್ಟರೆ, ಅಂಗಡಿಯವನು ಇ-ಬೈಕಿನ ಕಂಟ್ರೋಲರ್ ಹುಡುಕಿ ಕೊಟ್ಟು, "ಸಾರ್, ಗ್ರೈಂಡರಿಗೆ ಇದ್ಯಾಕೆ?" ಎಂದು ಉಚಿತವಾಗಿ ಉಳಿಸುತ್ತಿದ್ದ. ಅಂತರ್ಜಾಲದಲ್ಲಿ ತರಿಸಿದ ಕಂಟ್ರೋಲರಿಗೆ ಆ ಕಾಳಜಿ ಇರಲಿಲ್ಲ. ಹುಲ್ಲಿನ ಬ್ಲೇಡನ್ನು ನಿಮಿಷಕ್ಕೆ ಮೂರು ಸಾವಿರ ಸುತ್ತು ತಿರುಗಿಸಲು ಹುಟ್ಟಿದ ಮೋಟರದು. ರುಬ್ಬುವ ಕಲ್ಲಿಗೆ ನೂರು, ನೂರೈವತ್ತು ಸುತ್ತು ಧಾರಾಳ. ನಡುವೆ ಇರಬೇಕಾದ ಗೇರು ಅಂಚೆಯಲ್ಲಿ ಬರುವುದಿತ್ತು. ಸುಮ್ಮನೆ ಒಂದು ಸಲ ನೋಡೋಣ ಎಂದು ಸ್ವಿಚ್ ಒತ್ತಿದ. ಹಿಟ್ಟು ಚಾವಣಿಗೆ ಹೋಯಿತು. ಕಂಟ್ರೋಲರು, ಗೇರು, ಹೊಸ ಬ್ಯಾಟರಿ, ಬಣ್ಣದವನ ಕೂಲಿ ಕೂಡಿಸಿದರೆ ಕೊಯಮತ್ತೂರಿನ ಎರಡು ಗ್ರೈಂಡರು ಹಡಗಿನಲ್ಲಿ ತರಿಸಬಹುದಿತ್ತು.

ಅಷ್ಟರಲ್ಲಿ ಸಂಘದ ನೋಟಿಸು ಬಂತು, ಹೊಸ ಮೋವರೂ ಬಂತು. ಈ ಸಲ 56 ವೋಲ್ಟು. ಹಳೆಯ ಚಾರ್ಜರು ಅದಕ್ಕೆ ಹೊಂದುವುದಿಲ್ಲ, ಆದ್ದರಿಂದ ಅದೂ ಅಟ್ಟ ಸೇರಿತು.

ಭಾನುವಾರ ರಾತ್ರಿ ಊರಿನಿಂದ ಅಮ್ಮನ ವಿಡಿಯೋ ಕರೆ. ಹಿಂದೆ ಸಾಲಾಗಿ ಜೋಡಿಸಿಟ್ಟ ಮೋಟರುಗಳು ಕಂಡವು.

"ಅದೇನೋ ಅಷ್ಟೊಂದು ಮೋಟ್ರು? ಎಲ್ಲಾ ಸುಟ್ಟೋಗಿದ್ಯಾ? ಯಾರಾದ್ರೂ ಬರೋರ ಕೈಲಿ ಕಳ್ಸು, ನಮ್ಮ ಬಸ್ ಸ್ಟ್ಯಾಂಡ್ ಹತ್ರ ರಿವೈಂಡಿಂಗ್ ಮಾಡಿಸ್ಕೊಡ್ತೀನಿ."

"ಇಲ್ಲಮ್ಮ, ಒಂದೂ ಸುಟ್ಟಿಲ್ಲ."

"ಮತ್ತೆ ಯಾಕೋ ಬಿಚ್ಚಿದ್ದು?"